ಅವ್ವನ ಹೆಬ್ಬೆಟ್ಟು

2025ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ನನಗೊಂದು ಹೊಸ ಫೋನು ತಂದುಕೊಟ್ಟ. ಹಳೆಯದರ ಗಾಜು ಒಡೆದು ಎರಡು ವರ್ಷವಾಗಿತ್ತು, ಮೇಲೊಂದು ಟೇಪು ಹಚ್ಚಿ ನಡೆಸಿದ್ದೆ. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಅದನ್ನು ಸಜ್ಜು ಮಾಡುತ್ತಿದ್ದವನು, "ಅಮ್ಮಾ, ಹೆಬ್ಬೆಟ್ಟು ಇಲ್ಲೆ ಇಡು. ಒತ್ತು. ತಗಿ. ಮತ್ತ ಒತ್ತು" ಎಂದ. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಮೂವತ್ತೈದು ವರ್ಷ ಸಾಲ್ಯಾಗ ಹುಡುಗೂರಿಗೆ ಅಕ್ಷರ ಕಲಿಸೇನಿ. ನನಗ ಹೆಬ್ಬೆಟ್ಟು ಒತ್ತು ಅಂತಿ?"

ಸೊಸೆ ಅಡುಗೆಮನೆಯಿಂದಲೇ ನಕ್ಕಳು. ಮಗನಿಗೆ ನಗು ಬರಲಿಲ್ಲ. ಈಗ ಎಲ್ಲರೂ ಹೀಗೆಯೇ ಮಾಡುತ್ತಾರೆ, ನಂಬರು ನೆನಪಿಡುವ ಕಾಟವಿಲ್ಲ, ಈ ಅಕ್ಟೋಬರ್ ತಿಂಗಳಿನಿಂದ ಯುಪಿಐ ಹಣ ಕಳಿಸುವುದಕ್ಕೂ ಪಿನ್ ಬದಲು ಬೆರಳು ಅಥವಾ ಮುಖ ನಡೆಯುವ ವ್ಯವಸ್ಥೆ ಬಂದಿದೆ ಎಂದೆಲ್ಲ ತಿಳಿಸಿ ಹೇಳಿದ. ಅವನ ಮಾತು ಸುಳ್ಳಲ್ಲ. ಆದರೆ ನನ್ನ ಕೈ ಹಿಂದೆ ಸರಿದದ್ದು ಬುದ್ಧಿಯಿಂದಲ್ಲ, ಮತ್ತೆಲ್ಲಿಂದಲೋ. ಆ "ಎಲ್ಲಿಂದಲೋ" ಯಾವುದು ಎಂದು ಆಮೇಲೆ ಬಹಳ ದಿನ ಯೋಚಿಸಿದ್ದೇನೆ. ಇತಿಹಾಸ ಕಲಿಸಿದವಳಿಗೆ ಇದೊಂದು ಚಟ. ಯಾವುದಾದರೂ ಮುಳ್ಳು ಚುಚ್ಚಿದರೆ ಆ ಗಿಡ ಯಾವಾಗ ಹುಟ್ಟಿತೆಂದು ನೋಡಲು ಹೋಗುತ್ತೇನೆ.

ನಮ್ಮ ಕಡೆ ಹೆಬ್ಬೆಟ್ಟು ಅಂದರೆ ಬರೀ ಬೆರಳಲ್ಲ. ಓದುಬರಹ ಬಾರದವರಿಗೆ ಅದೇ ಹೆಸರು. "ಅಂವ ಹೆಬ್ಬೆಟ್ಟಿನಂವ" ಎಂದರೆ ಮುಗಿಯಿತು. ನಾನು ಸಣ್ಣವಳಿದ್ದಾಗ ಕನ್ಯಾ ನೋಡಲು ಬಂದವರಿಗೆ ಹುಡುಗಿಯ ಕಡೆಯವರು, "ನಮ್ಮ ಹುಡುಗಿ ಹೆಬ್ಬೆಟ್ಟಲ್ರೀ, ಸಹಿ ಮಾಡತಾಳ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಸಹಿ ಮಾಡುವುದೆಂದರೆ ಹೋಳಿಗೆ ಮಾಡಲು ಬರುವುದಕ್ಕಿಂತ ಒಂದು ತೂಕ ಹೆಚ್ಚು.

ಬೆರಳಿನ ಗುರುತು ಬರುವ ಮೊದಲು ಬೇರೆ ಗುರುತುಗಳಿದ್ದವು. ನಮ್ಮ ಸೀಮೆ ಪೇಶ್ವೆಯರ ಕೈಯಲ್ಲಿದ್ದದ್ದು, ಆಮೇಲೆ ಮುಂಬಯಿ ಇಲಾಖೆಗೆ ಸೇರಿದ್ದು ನಿಮಗೆ ಗೊತ್ತೇ ಇದೆ. ಆ ಕಾಲದ ಮರಾಠಿ ಮೋಡಿ ಕಾಗದಗಳಲ್ಲಿ ಬರೆಯಲು ಬಾರದವನ ಹೆಸರಿನ ಪಕ್ಕದಲ್ಲಿ ಒಂದು ನಿಶಾನಿ ಹಾಕುತ್ತಿದ್ದರು. ಒಕ್ಕಲಿಗನಾದರೆ ಸಣ್ಣದೊಂದು ನೇಗಿಲು, ಹೆಣ್ಣುಮಗಳಾದರೆ ಬಳೆ. ಒಂದು ಸುತ್ತು ಗೀಟು, ಅಷ್ಟೇ. ನೋಡಲು ಚಂದ, ಆದರೆ ಯಾರು ಬೇಕಾದರೂ ಹಾಕಬಹುದು. ಸಾವಕಾರನ ಗುಮಾಸ್ತನೇ ನೇಗಿಲು ಬರೆದರೆ ಇಲ್ಲವೆನ್ನುವವರು ಯಾರು? 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಮೊದಲು ಸುಟ್ಟದ್ದು ಸಾಲದ ಪತ್ರಗಳನ್ನು. ತಾವು ಓದಲಾರದ, ಆದರೆ ತಮ್ಮ ಗುರುತಿರುವ ಕಾಗದಗಳವು. ನಾಲ್ಕು ವರ್ಷದ ಮೇಲೆ, 1879ರಲ್ಲಿ, ಸರಕಾರ ದಖ್ಖನಿನ ರೈತರ ಪರಿಹಾರ ಕಾಯಿದೆ ತಂದಿತು. ರೈತನ ಸಾಲಪತ್ರವನ್ನು ಹಳ್ಳಿಯ ರಿಜಿಸ್ಟ್ರಾರನ ಎದುರಿಗೇ ಬರೆಯಬೇಕು ಎಂಬುದು ಅದರಲ್ಲಿ ಒಂದು ಮಾತು. ಮೊದಲು ಅದು ಜಾರಿಯಾದ ನಾಲ್ಕು ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು. ನಮ್ಮ ಇಂಡಿಯಿಂದ ಭೀಮೆ ದಾಟಿದರೆ ಸೊಲ್ಲಾಪುರ ಜಿಲ್ಲೆಯೇ.

ಬೆರಳಿನ ಕಥೆ ಶುರುವಾದದ್ದು ಬಂಗಾಲದಲ್ಲಿ. 1858ರ ಜುಲೈ ತಿಂಗಳು. ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ರಸ್ತೆಗೆ ಖಡಿ ಒದಗಿಸುವ ಗುತ್ತಿಗೆಯನ್ನು ರಾಜ್ಯಧರ ಕೋನಾಯಿ ಎಂಬವನಿಗೆ ಕೊಟ್ಟ. ಕರಾರು ಬರೆದಾದ ಮೇಲೆ ಕೋನಾಯಿಯ ಅಂಗೈಗೆ ಮಸಿ ಬಳಿದು ಕಾಗದದ ಹಿಂದೆ ಇಡೀ ಕೈಯನ್ನೇ ಒತ್ತಿಸಿಕೊಂಡ. ಅದರಿಂದ ಗುರುತು ಹಿಡಿಯಬಹುದೆಂದು ಹರ್ಷೆಲನಿಗೂ ಆಗ ತಿಳಿದಿರಲಿಲ್ಲ. ನಾಳೆ "ಈ ಸಹಿ ನನ್ನದಲ್ಲ" ಎನ್ನದಂತೆ ಮನುಷ್ಯನಿಗೆ ಒಂದು ಹೆದರಿಕೆ ಹುಟ್ಟಿಸುವುದೇ ಅವನ ಉದ್ದೇಶ. ಆ ವರ್ಷ ಯಾವುದು ನೆನಪಿಸಿಕೊಳ್ಳಿ. ಹಿಂದಿನ ವರ್ಷವೇ ಉತ್ತರದಲ್ಲಿ ದಂಗೆ ಎದ್ದಿತ್ತು. ಅದೇ 1858ರ ಜೂನ್‌ನಲ್ಲಿ ನಮ್ಮ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದರು. ಆಳುವವರಿಗೆ ಈ ದೇಶದವರ ಮಾತಿನ ಮೇಲೂ ಸಹಿಯ ಮೇಲೂ ನಂಬಿಕೆ ಹೋಗಿದ್ದ ಹೊತ್ತು. ನಂಬಿಕೆ ಹೋದಾಗ ಹಿಡಿದುಕೊಂಡದ್ದು ಬೆರಳನ್ನು.

ಹರ್ಷೆಲ್ ಆಮೇಲೆ ವರ್ಷಗಟ್ಟಲೆ ತನ್ನದೂ ಸ್ನೇಹಿತರದೂ ಬೆರಳಚ್ಚು ಕೂಡಿಸಿ, ವಯಸ್ಸಾದರೂ ಗೆರೆಗಳು ಬದಲಾಗುವುದಿಲ್ಲವೆಂದು ಕಂಡುಕೊಂಡ. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿದಾರರ ಬೆರಳಚ್ಚು ತೆಗೆದುಕೊಳ್ಳತೊಡಗಿದ. ಸತ್ತವರ ಪಿಂಚಣಿಯನ್ನು ಬದುಕಿದವರು ತಿನ್ನಬಾರದಲ್ಲ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಅಲ್ಲಿ ಲಕ್ಷಗಟ್ಟಲೆ ಅಚ್ಚುಗಳಲ್ಲಿ ಬೇಕಾದ ಒಂದನ್ನು ಹುಡುಕಿ ತೆಗೆಯುವ ವಿಧಾನವನ್ನು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ನಮ್ಮವರೇ ಕುಳಿತು ರೂಪಿಸಿದರು. ಹೆಸರು ಮಾತ್ರ ಸಾಹೇಬ ಎಡ್ವರ್ಡ್ ಹೆನ್ರಿಯದಾಯಿತು. ಇದೇನು ಹೊಸದಲ್ಲ ಬಿಡಿ, ಮನೆಯಲ್ಲಿ ರೊಟ್ಟಿ ಬಡಿದವಳ ಹೆಸರು ಪಂಕ್ತಿಯಲ್ಲಿ ಯಾರು ಹೇಳುತ್ತಾರೆ! 1901ರಲ್ಲಿ ಲಂಡನ್ನಿನ ಪೊಲೀಸರೂ ಅದೇ ವಿಧಾನ ಹಿಡಿದರು. ಹೀಗೆ ಬೆರಳಚ್ಚು ಒಂದು ಕಡೆ ಕಳ್ಳರಿಗೆ, ಇನ್ನೊಂದು ಕಡೆ ಅಕ್ಷರ ಬಾರದವರಿಗೆ ಮೀಸಲಾಯಿತು. ಓದಿದವನಿಗೆ ಸಹಿ, ಓದದವನಿಗೆ ಮಸಿ.

ಆ ಮಸಿಯನ್ನು ನಾನು ಕಣ್ಣಾರೆ ನೋಡಿದ್ದು ನನ್ನ ದೊಡ್ಡವ್ವನ ಕೈಯಲ್ಲಿ. ಅವಳನ್ನು ಕೊಟ್ಟದ್ದು ಬಸವನ ಬಾಗೇವಾಡಿ ತಾಲೂಕಿನ ಕೃಷ್ಣೆಯ ದಂಡೆಯ ಒಂದು ಹಳ್ಳಿಗೆ. ಆಲಮಟ್ಟಿ ಆಣೆಕಟ್ಟಿಗೆ ಲಾಲ್ ಬಹದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ನೀರು ನಿಂತದ್ದು ಎಷ್ಟೋ ವರ್ಷದ ಮೇಲೆ. ನಡುವೆ ನೋಟೀಸು, ಮೋಜಣಿ, ಪರಿಹಾರ ಎಂದು ಒಂದು ತಲೆಮಾರೇ ಸವೆಯಿತು. ದೊಡ್ಡಪ್ಪ ತೀರಿಹೋಗಿದ್ದರಿಂದ ಹೊಲದ ಪಾಲು ದೊಡ್ಡವ್ವನ ಹೆಸರಿಗಿತ್ತು. ಪರಿಹಾರದ ಕಾಗದಕ್ಕೆ ಅವಳ ಹೆಬ್ಬೆಟ್ಟು ಬೇಕು. ಆ ದಿನ ನಾನು ರಜೆಗೆಂದು ಅಲ್ಲಿಗೆ ಹೋಗಿದ್ದೆ. ಅವಳ ಸಂಬಂಧಿಕನೊಬ್ಬ ಕಾಗದ ಹಿಡಿದು ಬಂದು, ಅವಳ ಹೆಬ್ಬೆಟ್ಟನ್ನು ತಾನೇ ಹಿಡಿದು, ನೀಲಿ ಮಸಿಯ ಡಬ್ಬಿಯಲ್ಲಿ ಅದ್ದಿ, ಒಂದರ ಹಿಂದೊಂದು ನಾಲ್ಕೈದು ಕಡೆ ಒತ್ತಿಸಿದ. ಅವಳು ಮುಖ ಆಚೆ ತಿರುಗಿಸಿ ಕೂತಿದ್ದಳು, ಡಾಕ್ಟರು ಸೂಜಿ ಮಾಡುವಾಗ ಕೂಡುತ್ತಾರಲ್ಲ ಹಾಗೆ. ಮುಗಿದ ಮೇಲೆ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಎದ್ದು ಹೋಗಿ ಚಹಾ ಇಟ್ಟಳು. ಅವುಗಳಲ್ಲಿ ಒಂದು ಕಾಗದ ಹಣ ಅವನ ಕೈಗೆ ಕೊಡಬಹುದೆಂಬ ಒಪ್ಪಿಗೆಯದು ಎಂದು ಗೊತ್ತಾದದ್ದು ಎರಡು ವರ್ಷದ ಮೇಲೆ. ಆಗ ನಾನು ಕಾಲೇಜು ಓದುತ್ತಿದ್ದೆ, ಕಾಗದ ಓದಲು ಬರುತ್ತಿತ್ತು. ಒಂದು ಸಾರೆ ಇತ್ತ ಕೊಡಿ ನೋಡುತ್ತೇನೆ ಎನ್ನಲಿಲ್ಲ. ಹಿರಿಯರ ವ್ಯವಹಾರದಲ್ಲಿ ಹುಡುಗಿ ಬಾಯಿ ಹಾಕಬಾರದಲ್ಲ. ಇದೇ ನಾನು ಮೊದಲು ಹೇಳಿದ "ಎಲ್ಲಿಂದಲೋ."

ದೊಡ್ಡವ್ವನ ಬೆರಳು ಸುಳ್ಳು ಹೇಳಲಿಲ್ಲ ನೋಡಿ. ಅಚ್ಚು ಅವಳದೇ, ಗೆರೆ ಅವಳವೇ. ಆದರೆ ಅದು ಅವಳ ಒಪ್ಪಿಗೆಯಾಗಿರಲಿಲ್ಲ. ಬೆರಳಿಗೆ "ಇವಳು ಯಾರು" ಎಂದು ಹೇಳಲು ಬರುತ್ತದೆ. "ಇವಳಿಗೆ ಇದು ಬೇಕೋ ಬೇಡವೋ" ಎಂದು ಹೇಳಲು ಬರುವುದಿಲ್ಲ.

ನಮ್ಮ ಅವ್ವನದು ಬೇರೆ ಕಥೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು. ಅದರ ಮರುವರ್ಷ ಮಹಿಳಾ ಸಮಾಖ್ಯೆಯ ಕೆಲಸ ರಾಜ್ಯದಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ಬೀದರ, ಮೈಸೂರುಗಳ ಜೊತೆ ನಮ್ಮ ವಿಜಾಪುರವೂ ಇತ್ತು. ತೊಂಬತ್ತರ ದಶಕ ಹುಟ್ಟುತ್ತಿದ್ದಂತೆ ಸಂಪೂರ್ಣ ಸಾಕ್ಷರತಾ ಆಂದೋಲನವೂ ಬಂತು. ಊರೂರಿಗೆ ಕಲಾಜಾಥಾ, ಗೋಡೆಗೆಲ್ಲ ಅಕ್ಷರ. ಆಗ ನಾನು ಸಿಂದಗಿ ತಾಲೂಕಿನಲ್ಲಿ ಶಿಕ್ಷಕಿ. ರಾತ್ರಿ ಊಟವಾದ ಮೇಲೆ ಕಂದೀಲಿನ ಬೆಳಕಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ. ಬಾಣಂತನಕ್ಕೆಂದು ನನ್ನ ಬಳಿ ಬಂದು ಉಳಿದಿದ್ದ ಅವ್ವನಿಗೆ ಐವತ್ತೈದು ದಾಟಿತ್ತು, ಆಂದೋಲನದ ವಯಸ್ಸಿನ ಲೆಕ್ಕಕ್ಕೆ ಬರುವವಳಲ್ಲ. "ನಾ ಬರೇ ಕೂಸಿನ್ನ ಎತ್ಕೊಂಡು ಕೂಡತೀನಿ" ಎಂದು ಬಂದು ಹಿಂದೆ ಕೂಡುತ್ತಿದ್ದಳು. ಒಂದು ದಿನ ನೋಡಿದರೆ ಅಡುಗೆಮನೆಯ ಕಟ್ಟೆಯ ಮೇಲೆ ಜೋಳದ ಹಿಟ್ಟು ಹರವಿ ಬೆರಳಿನಿಂದ ತನ್ನ ಹೆಸರು ತಿದ್ದುತ್ತಿದ್ದಾಳೆ. ಅವಳ ಹೆಸರಿನಲ್ಲಿ ಒಂದು ಒತ್ತಕ್ಷರವಿತ್ತು. ಅದು ಅವಳನ್ನು ಆಳಿಸಿಬಿಟ್ಟಿತು. ಒತ್ತು ಕೆಳಗೆ ಹೋಗುವ ಬದಲು ಪಕ್ಕಕ್ಕೆ ಓಡುತ್ತಿತ್ತು. ಎರಡು ತಿಂಗಳು ಹಿಡಿಯಿತು. ಊರಿಗೆ ಮರಳಿದ ಮೇಲೆ ಬ್ಯಾಂಕಿನಲ್ಲಿ ಗುಮಾಸ್ತ ಎಂದಿನಂತೆ ಮಸಿಯ ಡಬ್ಬಿ ಮುಂದೆ ಸರಿಸಿದನಂತೆ. ಅವ್ವ ಅದನ್ನು ಹಿಂದಕ್ಕೆ ತಳ್ಳಿ, "ಪೆನ್ ಕೊಡಪಾ" ಎಂದಳಂತೆ. ಇದನ್ನು ಅವಳು ಸಾಯುವತನಕ ನೂರು ಸಲವಾದರೂ ಹೇಳಿದ್ದಾಳೆ.

ಇಲ್ಲಿ ಒಂದು ತಿರುವು ಬರುತ್ತದೆ. ಅವ್ವ ಬೆರಳಿನಿಂದ ಸಹಿಗೆ ಹೋದ ಹತ್ತು ವರ್ಷದೊಳಗೆ, ಓದಿದವರು ಸಹಿಯಿಂದ ಬೆರಳಿಗೆ ಬಂದರು. ಅದೂ ನಮ್ಮ ತಾಲೂಕು ಕಚೇರಿಗಳಲ್ಲಿಯೇ. ಹೊಲದ ಉತಾರ ಹಿಂದೆ ತಲಾಟಿಯ ಕೈಬರಹದಲ್ಲಿರುತ್ತಿತ್ತು. ಅವನ ಕೈಬರಹವೇ ವೇದವಾಕ್ಯ. 2001ರ ಹೊತ್ತಿಗೆ "ಭೂಮಿ" ಯೋಜನೆ ಬಂದು ರಾಜ್ಯದ ತಾಲೂಕು ಕಚೇರಿಗಳ ದಾಖಲೆಗಳೆಲ್ಲ ಕಂಪ್ಯೂಟರಿಗೆ ಏರಿದವು. ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ. ನಾನು ಆಗ ಮುದ್ದೇಬಿಹಾಳದಲ್ಲಿದ್ದೆ. ಪಹಣಿಗೆಂದು ಹೋಗಿ ಪಾಳಿಯಲ್ಲಿ ನಿಂತಿದ್ದಾಗ ಒಳಗಿನ ಅಧಿಕಾರಿ ಒಂದು ಸಣ್ಣ ಯಂತ್ರದ ಮೇಲೆ ಬೆರಳಿಟ್ಟು ಕೆಲಸ ಶುರು ಮಾಡುವುದನ್ನು ನೋಡಿದೆ. ಇಂಥ ದೊಡ್ಡ ಮನುಷ್ಯರಿಗೂ ಹೆಬ್ಬೆಟ್ಟೇ ಎಂದು ಸೋಜಿಗವಾಯಿತು.

ಕಾರಣ ಬಹಳ ಸರಳ. ಹೊಲದ ಹಕ್ಕು ಬದಲಿಸುವ ಕೆಲಸಕ್ಕೆ ಬರೀ ಗುಪ್ತಪದ ಇಟ್ಟರೆ ಸಾಹೇಬರು ಅದನ್ನು ಕೈಕೆಳಗಿನವರಿಗೆ ಹೇಳಿ ಊಟಕ್ಕೆ ಹೋಗಿಬಿಡಬಹುದು. ನಾಳೆ ತಪ್ಪಾದರೆ "ಅದು ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಕದ್ದಿದ್ದಾರೆ" ಎನ್ನಬಹುದು. ಬೆರಳನ್ನು ಹಾಗೆ ಇನ್ನೊಬ್ಬರಿಗೆ ಕೊಟ್ಟುಹೋಗಲು ಬರುವುದಿಲ್ಲ. 1858ರಲ್ಲಿ ಹರ್ಷೆಲ್ ಕೋನಾಯಿಯ ಬಾಯಿ ಕಟ್ಟಲು ಮಾಡಿದ್ದನ್ನೇ ಇಲ್ಲಿ ಅಧಿಕಾರಿಯ ಬಾಯಿ ಕಟ್ಟಲು ಮಾಡಿದರು. ಇದು ನನಗೆ ಸರಿ ಎನಿಸುತ್ತದೆ. ಅಧಿಕಾರ ಇದ್ದವನನ್ನು ಅವನ ಕೆಲಸಕ್ಕೆ ಕಟ್ಟಿಹಾಕಲು ಬೆರಳು ಬಳಸಿದರೆ ಅದು ಒಳ್ಳೆಯ ಹಗ್ಗ. ಏನೂ ಇಲ್ಲದವಳ ಬೆರಳನ್ನು ಇನ್ನೊಬ್ಬರು ಹಿಡಿದು ಒತ್ತಿಸಿದರೆ ಅದೇ ಹಗ್ಗ ಕುತ್ತಿಗೆಗೆ.

ಆಮೇಲೆ ಆಧಾರ್ ಬಂತು. 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ಮೊದಲ ಸಂಖ್ಯೆ ಸಿಕ್ಕಿತು. ಕೆಲವು ವರ್ಷಗಳಲ್ಲಿ ಅದು ನಮ್ಮ ಓಣಿಗೂ ಬಂತು. ಹತ್ತೂ ಬೆರಳು, ಎರಡೂ ಕಣ್ಣು. ರೇಷನ್ ಅಂಗಡಿಯಲ್ಲಿ ಬೆರಳಿಟ್ಟರೆ ಅಕ್ಕಿ. ಅವ್ವನಿಗಾಗ ಎಂಬತ್ತು ದಾಟಿತ್ತು. ಅರವತ್ತು ವರ್ಷ ಜೋಳ ಕೊಯ್ದು, ಹತ್ತಿ ಬಿಡಿಸಿ, ಬೂದಿ ಹಾಕಿ ಪಾತ್ರೆ ಉಜ್ಜಿದ ಬೆರಳು. ಯಂತ್ರ ಒಮ್ಮೆ ಬೇಡವೆಂದಿತು, ಎರಡನೆಯ ಸಲವೂ ಬೇಡವೆಂದಿತು. ಅಂಗಡಿಯವ, "ಆಯೀ, ಕೈ ತೊಳಕೊಂಡು ಬಾ" ಎಂದ. ಕೊಬ್ಬರಿಎಣ್ಣೆ ಹಚ್ಚಿ ಒರೆಸಿದ್ದೂ ಆಯಿತು. ಕಡೆಗೆ ಫೋನಿಗೆ ಬಂದ ನಂಬರು ಹೇಳಿ ಅಕ್ಕಿ ತಂದೆವು. ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಅವ್ವ ಅಂದಳು: "ಸಹಿ ಕಲಿ ಅಂದ್ರಿ, ಕಲತೆ. ಈಗ ಮತ್ತ ಹೆಬ್ಬೆಟ್ಟು ಒತ್ತು ಅಂತೀರಿ. ಒತ್ತಿದ್ರ ಅದು ನಿಂದಲ್ಲ ಅಂತೀರಿ. ಹಂಗಾದ್ರ ನಾ ಯಾರು?"

ನನ್ನ ಬಳಿ ಉತ್ತರವಿರಲಿಲ್ಲ. 2019ರಲ್ಲಿ ಅವ್ವ ಹೋದಳು.

ಅವಳ ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಕೇಳಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಹೋದರು. ಅವರ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಮರುವರ್ಷ ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಾಯಿತು.

ಇನ್ನು ನನಗೆ ನಿಜವಾಗಿ ಭಯ ಹುಟ್ಟಿಸಿದ್ದು 2023ರ ಸುದ್ದಿ. ಹೊಲ ಮನೆ ಮಾರುವಾಗ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆರಳಚ್ಚು ಕೊಡುತ್ತೇವಲ್ಲ, 2001ರ ತಿದ್ದುಪಡಿಯಿಂದ ಓದಿದವರೂ ಓದದವರೂ ಎಲ್ಲರೂ ಕೊಡಬೇಕು, ಫೋಟೋ ಸಹಿತ. ಆ ಪತ್ರಗಳು ನೋಂದಣಿ ಇಲಾಖೆಯ ಕಾವೇರಿ ಜಾಲತಾಣಕ್ಕೆ ಏರಿದವು. ಅವುಗಳ ನಕಲು ತೆಗೆದ ಮೋಸಗಾರರು ಅದರೊಳಗಿನ ಬೆರಳಚ್ಚಿನಿಂದ ನಕಲಿ ಬೆರಳು ಮಾಡಿ, ಪತ್ರದಲ್ಲಿದ್ದ ಆಧಾರ್ ಸಂಖ್ಯೆ ಸೇರಿಸಿ, ಬ್ಯಾಂಕಿನಿಂದ ಹಣ ತೆಗೆದ ಪ್ರಕರಣಗಳು ಬೆಂಗಳೂರಿನಲ್ಲಿ ಬೆಳಕಿಗೆ ಬಂದವು. ಹಳ್ಳಿಗಳಲ್ಲಿ ಸಣ್ಣ ಯಂತ್ರ ಹಿಡಿದು ಹಣ ಕೊಡುವ ವ್ಯವಸ್ಥೆಯಿದೆಯಲ್ಲ, ಅದಕ್ಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳು ಸಾಕು. ಪಿನ್ ಬೇಡ, ಓಟಿಪಿ ಬೇಡ. ಆಮೇಲೆ ಸರಕಾರ ಪತ್ರಗಳಲ್ಲಿನ ಬೆರಳಚ್ಚು ಕಾಣದಂತೆ ಮುಚ್ಚುವ ಏರ್ಪಾಟು ಮಾಡಿತು. ಆದರೆ ಒಮ್ಮೆ ಹೋದ ಬೆರಳಚ್ಚು ಹೋದದ್ದೇ. ಪಾಸ್‌ವರ್ಡ್ ಕದ್ದರೆ ಹೊಸದು ಇಟ್ಟುಕೊಳ್ಳಬಹುದು. ಬೆರಳು ಕದ್ದರೆ? ದೇವರು ಕೊಟ್ಟದ್ದು ಹತ್ತೇ.

ಹಾಗಾದರೆ ಪಾಸ್‌ವರ್ಡೇ ಒಳ್ಳೆಯದೆನ್ನೋಣವೆಂದರೆ, ಅದರ ಗುಣವೂ ನಮಗೆ ಗೊತ್ತು. ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ ಅಲಿಬಾಬಾನ ಕಥೆಯನ್ನೇ ನೋಡಿ. "ಖುಲ್ ಜಾ ಸಿಮ್ ಸಿಮ್" ಎಂಬುದನ್ನು ಅಲಿಬಾಬಾ ಮರದ ಮೇಲೆ ಕುಳಿತು ಕೇಳಿಸಿಕೊಂಡ, ಅವನ ಅಣ್ಣ ಕಾಸಿಮ್ ಗವಿಯೊಳಗೆ ಹೋಗಿ ಮರೆತ. ಗುಪ್ತಪದಕ್ಕೆ ಇರುವ ರೋಗಗಳು ಎರಡೇ, ಬೇರೆಯವರು ಕೇಳುವುದು ಮತ್ತು ನಾವು ಮರೆಯುವುದು. ಎರಡೂ ಆ ಒಂದೇ ಕಥೆಯಲ್ಲಿವೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು ಅರವತ್ತರ ದಶಕದ ಮೊದಲಲ್ಲಿ, ಅಮೆರಿಕೆಯ ಎಂಐಟಿಯಲ್ಲಿ, ಫರ್ನಾಂಡೋ ಕೊರ್ಬಾಟೋ ಎಂಬವರ ಕೈಯಿಂದ. ಅಲ್ಲಿ ಒಬ್ಬೊಬ್ಬರಿಗೆ ಇಂತಿಷ್ಟೇ ಹೊತ್ತು ಯಂತ್ರ ಎಂದಿತ್ತು. 1962ರಲ್ಲಿಯೇ ಅಲನ್ ಶೆರ್ ಎಂಬ ವಿದ್ಯಾರ್ಥಿ ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿಯನ್ನೇ ಅಚ್ಚು ಹಾಕಿಸಿಕೊಂಡು ಬೇರೆಯವರ ಹೊತ್ತನ್ನೂ ತಾನೇ ಬಳಸಿದ. ತೊಟ್ಟಿಲಿನಲ್ಲಿದ್ದಾಗಲೇ ಕೂಸಿಗೆ ಕಳ್ಳ ಗಂಟುಬಿದ್ದ ಹಾಗೆ.

ನನ್ನ ಪಾಪವನ್ನೂ ಹೇಳಿಬಿಡುತ್ತೇನೆ. ನನ್ನ ಎಟಿಎಮ್ ಪಿನ್ ಬಹಳ ವರ್ಷ ನಮ್ಮ ಮದುವೆಯ ಇಸವಿಯಾಗಿತ್ತು. ಅದು ಪಡಸಾಲೆಯ ಗೋಡೆಯ ಮೇಲಿನ ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿಯೇ ಇದೆ. ಫೋನಿನ ಬೀಗದ ನಂಬರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರಿನ ತಾರೀಕಿನ ಪಕ್ಕದಲ್ಲಿ ಬರೆದಿಟ್ಟಿದ್ದೆ. ಹಾಲಿನವಳಿಗೂ ಗೊತ್ತಿದ್ದಿರಬೇಕು. ನೀವೂ ಒಮ್ಮೆ ನಿಮ್ಮ ಕ್ಯಾಲೆಂಡರು ನೋಡಿಕೊಳ್ಳಿ.

ದಮಯಂತಿಯ ಸ್ವಯಂವರ ನೆನಪಾಗುತ್ತದೆ. ನಾಲ್ವರು ದೇವತೆಗಳು ನಳನ ರೂಪವನ್ನೇ ತೊಟ್ಟು ಅವನ ಪಕ್ಕದಲ್ಲಿ ಕುಳಿತಿದ್ದರು. ಮುಖ, ಮೈಕಟ್ಟು, ಎಲ್ಲ ಒಂದೇ. ಅವಳು ರೂಪವನ್ನು ಬಿಟ್ಟು ಜೀವವನ್ನು ನೋಡಿದಳು. ಯಾರಿಗೆ ಬೆವರಿದೆ, ಯಾರ ರೆಪ್ಪೆ ಬಡಿಯುತ್ತದೆ, ಯಾರ ಹೂವು ಬಾಡಿದೆ, ಯಾರಿಗೆ ನೆರಳಿದೆ ಎಂದು. ಯಂತ್ರಗಳು ಮೊದಮೊದಲು ರೂಪವನ್ನಷ್ಟೇ ನೋಡುತ್ತಿದ್ದವು. 2002ರಲ್ಲಿ ಜಪಾನಿನ ಮತ್ಸುಮೊಟೊ ಎಂಬ ಪ್ರಾಧ್ಯಾಪಕರು ಮಿಠಾಯಿಗೆ ಹಾಕುವ ಜೆಲಟಿನ್‌ನಿಂದ ಬೆರಳು ಮಾಡಿ ಆಗಿನ ಯಂತ್ರಗಳಿಗೆ ಮಂಕುಬೂದಿ ಎರಚಿದರು. 2013ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿ ಬೆರಳಿಗೆ ತೆರೆಯುವ ಐಫೋನ್ ತಂದಾಗ, ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು ಗಾಜಿನ ಮೇಲೆ ಉಳಿದ ಅಚ್ಚಿನ ಫೋಟೋ ತೆಗೆದು ವಾರದೊಳಗೆ ಅದನ್ನು ತೆರೆದು ತೋರಿಸಿದರು. ಆಮೇಲೆ ಯಂತ್ರಗಳೂ ದಮಯಂತಿಯ ಪಾಠ ಕಲಿಯತೊಡಗಿವೆ. ಆಧಾರ್ ಪ್ರಾಧಿಕಾರವೂ 2023ರಲ್ಲಿ ಬೆರಳು ಜೀವಂತವೋ ನಕಲಿಯೋ ಎಂದು ಪರೀಕ್ಷಿಸುವ ವಿಧಾನ ತಂದಿತು.

ಇದನ್ನೆಲ್ಲ ಮಗನ ಮುಂದೆ ಹೇಳಿದಾಗ ಅವನೂ ಒಂದು ಮಾತು ಹೇಳಿದ. ಅದು ನನಗೆ ಹೊಸದು, ನ್ಯಾಯವಾದದ್ದು. ರೇಷನ್ ಯಂತ್ರಕ್ಕೆ ಕೊಟ್ಟ ಬೆರಳು ದೂರದ ಕಚೇರಿಯಲ್ಲಿರುವ ಅಚ್ಚಿನೊಂದಿಗೆ ತಾಳೆಯಾಗಬೇಕು. ಫೋನಿಗೆ ಕೊಟ್ಟ ಬೆರಳು ಹಾಗಲ್ಲ. ಒಳ್ಳೆಯ ಫೋನಿನಲ್ಲಿ ಅದರ ಲೆಕ್ಕವನ್ನು ಒಳಗೇ ಒಂದು ಬೀಗ ಹಾಕಿದ ಮೂಲೆಯಲ್ಲಿ ಇಟ್ಟಿರುತ್ತಾರೆ, ಬ್ಯಾಂಕಿಗೂ ಕಂಪನಿಗೂ ಕಳಿಸುವುದಿಲ್ಲ. "ಹೌದು, ಇವರೇ" ಎಂಬ ಮಾತಷ್ಟೇ ಹೊರಗೆ ಹೋಗುತ್ತದೆ. ಫೋನು ಕದ್ದವನಿಗೆ ನನ್ನ ಬೆರಳೂ ಬೇಕು, ಬೆರಳಚ್ಚು ಕದ್ದವನಿಗೆ ನನ್ನ ಫೋನೂ ಬೇಕು. ಬಸ್ಸಿನಲ್ಲಿ ಪಕ್ಕದವಳು ಕಣ್ಣುಹಾಯಿಸಿ ನಂಬರು ಕಲಿಯುವ ಭಯವೂ ಇಲ್ಲ. ಆದರೆ ಅವನೇ ಇನ್ನೊಂದನ್ನೂ ಒಪ್ಪಿಕೊಂಡ. ಬೆರಳಿನ ಬೀಗದ ಕೆಳಗೆ ನಂಬರಿನ ಬೀಗ ಇದ್ದೇ ಇರುತ್ತದೆ. ಫೋನು ಬಂದ್ ಮಾಡಿ ಮತ್ತೆ ಹಚ್ಚಿದರೆ ಮೊದಲು ನಂಬರೇ ಕೇಳುತ್ತದೆ. ಮೇಲೆ ಹತ್ತು ಬೆರಳು ಇಟ್ಟು ಕೆಳಗೆ 1234 ಇಟ್ಟರೆ, ಮುಂಬಾಗಿಲಿಗೆ ಕಬ್ಬಿಣದ ಅಗಳಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ.

ಅವನು ಹೇಳದೆ ಬಿಟ್ಟದ್ದು ಒಂದಿದೆ. ಅದು ಗಂಡಸರಿಗೆ ಬೇಗ ಹೊಳೆಯುವುದಿಲ್ಲ. ಈ ಲೆಕ್ಕವೆಲ್ಲ ಕಳ್ಳ ಹೊರಗಿನವನು ಎಂದು ಹಾಕಿದ್ದು. ಮುದ್ದೇಬಿಹಾಳದಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು ಈಗ ತಾನೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಒಂದು ಸಲ ಮನೆಗೆ ಬಂದವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು. ಅವಳ ಫೋನಿಗೆ ಅವಳದೇ ಬೆರಳಿನ ಬೀಗ, ನಂಬರು ಯಾರಿಗೂ ಹೇಳಿಲ್ಲ. ಆದರೂ ತವರಿಗೆ ಕಳಿಸಿದ ದುಡ್ಡು, ಗೆಳತಿಗೆ ಬರೆದ ಮಾತು ಎಲ್ಲ ಗಂಡನಿಗೆ ಗೊತ್ತಾಗುತ್ತಿತ್ತು. ನನ್ನ ಮಗಳು ಫೋನಿನ ಒಳಹೊಕ್ಕು ನೋಡಿದಾಗ ಅಲ್ಲಿ ಎರಡು ಬೆರಳಿನ ಅಚ್ಚುಗಳಿದ್ದವು. ಒಂದೇ ಫೋನಿನಲ್ಲಿ ನಾಲ್ಕೈದು ಬೆರಳು ಸೇರಿಸಬಹುದೆಂದು ಆ ಹುಡುಗಿಗೆ ತಿಳಿದಿರಲಿಲ್ಲ. ಹೊಸ ಫೋನು ಸಜ್ಜು ಮಾಡಿಕೊಟ್ಟ ದಿನವೇ ಅವನು ತನ್ನದನ್ನೂ ಸೇರಿಸಿದ್ದ. "ಅಕ್ಕಾರ, ಅಂವ ಕದ್ದಾನಂತ ಹೆಂಗ ಅನ್ನಲಿ, ಮನ್ಯಾಂವ" ಎಂದಳು. ಇನ್ನೂ ಕೆಲವರ ಮನೆಯಲ್ಲಿ ಅದೂ ಬೇಕಿಲ್ಲ, ನಿದ್ದೆ ಹತ್ತಿದವಳ ಕೈ ಸಾಕು. ನಿದ್ದೆಯಲ್ಲಿ ಯಾರೂ ನಂಬರು ಹೇಳುವುದಿಲ್ಲ, ಬೆರಳು ಮಾತ್ರ ಹೇಳುತ್ತದೆ. ಆಗ ನನಗೆ ದೊಡ್ಡವ್ವ ಮುಖ ತಿರುಗಿಸಿ ಕೂತದ್ದು ಕಣ್ಣಮುಂದೆ ಬಂತು.

ಕೋರ್ಟುಗಳೂ ಈ ಗೆರೆಯ ಮೇಲೆ ಬಹಳ ವರ್ಷದಿಂದ ನಡೆದಾಡಿವೆ. 1961ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠ, ಆರೋಪಿಯ ಬೆರಳಚ್ಚು ತೆಗೆದುಕೊಂಡರೆ ಅವನ ಬಾಯಿಂದ ಅವನ ವಿರುದ್ಧವೇ ಸಾಕ್ಷಿ ಹೇಳಿಸಿದಂತಲ್ಲ ಎಂದಿತು. ಬೆರಳು ಮಾತಲ್ಲ ಎಂಬ ಅರ್ಥ. ಪಾಸ್‌ವರ್ಡ್ ಹೇಳಿಸಿದರೆ? ಅದು ಮನಸ್ಸಿನೊಳಗಿನ ಮಾತಲ್ಲವೆ? 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟು ವೀರೇಂದ್ರ ಖನ್ನಾ ಪ್ರಕರಣದಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟಿತು, ಅವನ್ನು ಪಡೆಯಲು ಪೊಲೀಸರು ನಡೆಯಬೇಕಾದ ಕ್ರಮವನ್ನೂ ಹೇಳಿತು. ನಾನು ವಕೀಲಳಲ್ಲ. ಆದರೆ ಹಿಟ್ಟಿನಲ್ಲಿ ಹೆಸರು ತಿದ್ದಿದವಳ ಮಗಳಾಗಿ ನನಗೆ ಎರಡೂ ಒಂದೇ ಎನಿಸುವುದಿಲ್ಲ.

ಕಡೆಗೆ ಏನು ಮಾಡಿದೆ ಎಂದರೆ, ಫೋನು ತೆರೆಯಲು ಬೆರಳು ಕೊಟ್ಟೆ. ದಿನಕ್ಕೆ ನಲವತ್ತು ಸಲ ನಂಬರು ಒತ್ತುತ್ತ ಕೂಡಲು ನನಗೂ ವಯಸ್ಸಾಯಿತು, ಮತ್ತು ಕ್ಯಾಲೆಂಡರಿನ ಮೇಲೆ ಬರೆದ ನಂಬರಿಗಿಂತ ಬೆರಳು ಲೇಸು. ಕೆಳಗಿನ ನಂಬರನ್ನು ಆರಂಕಿಯದು ಮಾಡಿದೆ. ಮದುವೆಯ ಇಸವಿಯಲ್ಲ, ಹುಟ್ಟಿದ ದಿನವಲ್ಲ, ಎಲ್ಲಿಯೂ ಬರೆದಿಟ್ಟಿಲ್ಲ. ಹಣದ ವ್ಯವಹಾರಕ್ಕೆ ಮಾತ್ರ ಬೆರಳು ಕೊಡಲಿಲ್ಲ. ಅಲ್ಲಿ ಪಿನ್ ಇರಲಿ ಎಂದೆ. ಮಗ, "ಯಾಕಮ್ಮಾ, ಅದೂ ಅಷ್ಟೇ ಭದ್ರ" ಎಂದ. ಇರಬಹುದು. ಆದರೆ ಹಣ ಕೊಡುವಾಗ ಒಂದು ಗಳಿಗೆ ನಿಂತು ಯೋಚಿಸಿ ಅಂಕಿ ಒತ್ತುವುದಿದೆಯಲ್ಲ, ಆ ಗಳಿಗೆ ನನ್ನ ದೊಡ್ಡವ್ವನಿಗೆ ಸಿಕ್ಕಿರಲಿಲ್ಲ.

ಆಧಾರ್ ಬೆರಳಚ್ಚಿಗೂ ಬೀಗ ಹಾಕಲು ಬರುತ್ತದೆ. ಪ್ರಾಧಿಕಾರದ ಜಾಲತಾಣದಲ್ಲಿ, ಅವರ ಫೋನ್ ಆ್ಯಪಿನಲ್ಲಿ, ಖರ್ಚಿಲ್ಲದೆ. ನನ್ನದಕ್ಕೆ ಹಾಕಿಕೊಂಡೆ. ಓಣಿಯ ನಾಲ್ಕು ಜನ ಹೆಣ್ಣುಮಕ್ಕಳಿಗೂ ಹೇಳಿದೆ. ಮರುದಿನ ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಒಂಬತ್ತು ಜನ ಸೇರಿದರು. ಎಲ್ಲರಿಗೂ ಗೃಹಲಕ್ಷ್ಮಿಯ ಎರಡು ಸಾವಿರ ಬರುವ ಖಾತೆಗಳಿವೆ, ಎಲ್ಲರಿಗೂ ಆ ಖಾತೆಯ ಭಯವಿದೆ. ನಿಂಬೆತೋಟಕ್ಕೆ ದುಡಿಯಲು ಹೋಗುವವಳೊಬ್ಬಳು ಮುಳ್ಳು ಗೀರಿದ ಬೆರಳುಗಳನ್ನು ನೋಡಿಕೊಳ್ಳುತ್ತ, "ಕೀಲಿ ಹಾಕಿದ ಮ್ಯಾಲ ರೇಷನ್ ಹೆಂಗ ತರೂದ್ರೀ ಅಕ್ಕಾರ?" ಎಂದಳು. ಆ ಹೊತ್ತಿಗಷ್ಟೇ ತೆರೆದು ಮತ್ತೆ ಹಾಕಬಹುದು, ಫೋನಿಗೆ ಒಂದು ನಂಬರು ಬರುತ್ತದೆ ಎಂದೆ.

"ಯಾವ ಫೋನಿಗೆ?"

ಆಧಾರ್ ಮಾಡಿಸುವಾಗ ಕೊಟ್ಟ ಫೋನಿಗೆ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂಬತ್ತು ಜನರಲ್ಲಿ ಆರು ಜನರದು ಗಂಡನ ನಂಬರು, ಒಬ್ಬಳದು ಪುಣೆಯಲ್ಲಿ ದುಡಿಯುವ ಮಗನದು. ಈ ಸೋಮವಾರ ಆ ಏಳೂ ಜನರನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗುವುದಿದೆ, ನಂಬರು ಬದಲಿಸಲು. ಅದಕ್ಕೂ ಬೆರಳು ಕೇಳುತ್ತಾರೆ. ಹೋಗುವ ಮೊದಲು ಕೈಗೆ ಸ್ವಲ್ಪ ಎಣ್ಣೆ ಹಚ್ಚಿ ಒರೆಸಿಕೊಂಡು ಬರಲು ಹೇಳಿದ್ದೇನೆ.